ಹಿತಕಿದ ಬೇಳೆ ಸಾರಿಗೆ ಎರಡು ಸಲ ಉಪ್ಪು ಬಿದ್ದಾಗ

ಹೋದ ಭಾನುವಾರ ನಮ್ಮ ಹನುಮಂತನಗರದ ಮನೆಗೆ ನಾದಿನಿ ಸಂಸಾರ ಊಟಕ್ಕೆ ಬರೋದಿತ್ತು. ಶನಿವಾರ ಗಾಂಧಿ ಬಜಾರಿನಿಂದ ಸೊಗಡಿರೋ ಅವರೆಕಾಯಿ ತಂದು, ಸುಲಿದು, ಕಾಳು ರಾತ್ರಿಯೆಲ್ಲ ನೆನೆಹಾಕಿ, ಬೆಳಿಗ್ಗೆ ಅತ್ತೆ ನಾನು ಇಬ್ಬರೂ ಕೂತು ಹಿತಕಿದ್ವಿ. ಹಿತಕಿದ ಬೇಳೆ ಮಾಡೋರಿಗೆ ಗೊತ್ತು, ಆ ಒಂದು ಪಾತ್ರೆ ಬೇಳೆ ಹಿಂದೆ ಎಷ್ಟು ಹೊತ್ತಿನ ಕೆಲಸ ಇರುತ್ತೆ ಅಂತ. ಬೇಳೆ ಬೇಯೋವಾಗ ನಮ್ಮ ಮನೆಯವರು ಉಪ್ಪು ಹಾಕಿದ್ದಾರೆ. ಅದು ಗೊತ್ತಿಲ್ಲದೆ, ಮಸಾಲೆ ಕದಡಿದ ಮೇಲೆ ನಾನೂ ಹಾಕಿದೆ. ಒಂದು ಚಮಚ ನಾಲಿಗೆಗೆ ಬಿಟ್ಟುಕೊಂಡರೆ ಬಾಯಿಗಿಡೋಕಾಗಲಿಲ್ಲ.

ನಮ್ಮ ಮನೆಯವರು "ಒಂದಿಷ್ಟು ಬೆಲ್ಲ ಹಾಕಿ ಹುಳಿ ಹಿಂಡಿಬಿಡು, ಗೊತ್ತಾಗಲ್ಲ" ಅಂದರು. ನಾನು ಬೇಡ ಅಂದೆ. ಈ ಬರಹ ಬರೀತಿರೋದೇ ಅದಕ್ಕೆ. ಉಪ್ಪು ಗೊತ್ತಾಗದ ಹಾಗೆ ಮಾಡೋದು ಬೇರೆ, ಉಪ್ಪನ್ನ ಕಡಿಮೆ ಮಾಡೋದು ಬೇರೆ. ಬೆಲ್ಲ, ನಿಂಬೆಹುಳಿ, ಒಂದು ಚಮಚ ತುಪ್ಪ ಇವೆಲ್ಲ ನಾಲಿಗೆಗೆ ಉಪ್ಪು ತಗ್ಗಿದ ಹಾಗೆ ತೋರಿಸುತ್ತವೆ, ನಿಜ. ಆದರೆ ಪಾತ್ರೆಯೊಳಗೆ ಬಿದ್ದ ಉಪ್ಪು ಒಂದು ಕಾಳೂ ಕಡಿಮೆ ಆಗಿರಲ್ಲ. ನಮ್ಮತ್ತೆಗೆ ಹನ್ನೊಂದು ವರ್ಷದಿಂದ ಬಿಪಿ ಇದೆ. ಎಲ್ಲಾ ಸೇರಿ ದಿನಕ್ಕೆ 5 ಗ್ರಾಂ ಉಪ್ಪಿನೊಳಗೆ ಇರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಅಂದರೆ ಸುಮಾರು ಒಂದು ಟೀ ಚಮಚ. ಬೆಲ್ಲ ಹಾಕಿ ರುಚಿ ಸರಿಮಾಡಿಬಿಟ್ಟರೆ ಅತ್ತೆ ಇನ್ನೊಂದು ಸೌಟು ಹಾಕಿಸಿಕೊಳ್ತಾರೆ. ಬಾಯಿಗೆ ಉಪ್ಪು ಅನ್ನಿಸಿದ್ದರೆ ಅವರೇ ನಿಲ್ಲಿಸ್ತಿದ್ದರು.

ಇನ್ನು ಆಲೂಗಡ್ಡೆ. ಒಂದು ಹಸಿ ಆಲೂಗಡ್ಡೆ ಹಾಕಿ ಕುದಿಸಿ, ತೆಗೆದು ಎಸೆದರೆ ಉಪ್ಪನ್ನೆಲ್ಲ ಹೀರಿಕೊಳ್ಳುತ್ತೆ ಅಂತ ನಮ್ಮಮ್ಮನೂ ಹೇಳ್ತಿದ್ದರು, ನಾನೂ ವರ್ಷಗಟ್ಟಲೆ ಮಾಡಿದೀನಿ. ಆಲೂಗಡ್ಡೆ ಉಪ್ಪನ್ನ ಮಾತ್ರ ಆರಿಸಿ ಎಳೆದುಕೊಳ್ಳಲ್ಲ, ಉಪ್ಪಿನ ನೀರನ್ನ ಕುಡಿಯುತ್ತೆ. ಉಳಿದ ಸಾರು ಹೆಚ್ಚುಕಡಿಮೆ ಅಷ್ಟೇ ಉಪ್ಪಾಗಿರುತ್ತೆ. ಕಡಿಮೆಯಾದ ಸಾರಿಗೆ ನಾವು ಮತ್ತೆ ನೀರು ಹಾಕ್ತೀವಲ್ಲ, ಕೆಲಸ ಮಾಡೋದು ಆ ನೀರು. ಹಾಗಂತ ಆಲೂಗಡ್ಡೆ ಬೇಡ ಅನ್ನಲ್ಲ. ಹೆಚ್ಚಿ ಹಾಕಿ, ಅದನ್ನೂ ತಿನ್ನಿ. ಉಪ್ಪಿಲ್ಲದ ಒಂದು ತರಕಾರಿ ಸೇರಿದ ಹಾಗಾಯ್ತು.

ನಾನು ಮಾಡಿದ್ದು ಇಷ್ಟು. ಸಾರಿನ ಅರ್ಧವನ್ನ ಬೇರೆ ಪಾತ್ರೆಗೆ ಬಗ್ಗಿಸಿ ಆರೋಕೆ ಇಟ್ಟೆ. ಎರಡು ಆಲೂಗಡ್ಡೆ, ನಾಲ್ಕು ಬದನೆಕಾಯಿ ಉಪ್ಪು ಹಾಕದೆ ಬೇಯಿಸಿದೆ. ಕಾಯಿ, ಕೊತ್ತಂಬರಿ ಸೊಪ್ಪು, ಹುರಿದ ಗಸಗಸೆ, ಚೂರು ಚಕ್ಕೆ ಲವಂಗ, ಶುಂಠಿ ಬೆಳ್ಳುಳ್ಳಿ ಮತ್ತೆ ರುಬ್ಬಿದೆ. ಇದೂ ಉಪ್ಪಿಲ್ಲದ್ದು. ಬರೀ ನೀರು ಹಾಕಿದರೆ ಸಾರು ಸಪ್ಪೆಯಾಗಿ ತೆಳ್ಳಗಾಗುತ್ತೆ, ಖಾರ ಮಸಾಲೆನೂ ಜೊತೆಗೇ ಕಟ್ಟಿಕೊಡಬೇಕು. ಉಳಿದ ಅರ್ಧಕ್ಕೆ ಇದೆಲ್ಲ ಸೇರಿಸಿ ಕುದಿಸಿದಾಗ ಸಾರು ಅಳತೆಯಲ್ಲಿ ಮೊದಲಿನ ಪಾತ್ರೆಯಷ್ಟೇ ಆಯ್ತು. ಅಷ್ಟೇ ಸಾರಲ್ಲಿ ಈಗ ಅರ್ಧ ಉಪ್ಪು. ಒಲೆ ಆರಿಸಿ ಇಪ್ಪತ್ತು ನಿಮಿಷ ಮುಚ್ಚಿಟ್ಟೆ. ಈ ಕಾಯೋದನ್ನ ಬಿಡಬೇಡಿ. ಬೇಳೆ ಒಳಗೆ ಹೋಗಿರೋ ಉಪ್ಪು ಹೊರಗೆ ಬರೋಕೆ, ಹೊಸ ತರಕಾರಿಗೆ ಹಿಡಿಯೋಕೆ ಹೊತ್ತು ಬೇಕು. ಮಟನ್ ಸಾರಲ್ಲೂ ಹಾಗೇ, ಸಾರು ಸರಿಹೋಗಿದ್ದರೂ ತುಂಡು ಉಪ್ಪಾಗಿರುತ್ತೆ.

ಮುದ್ದೆಗೆ ಉಪ್ಪು ಹಾಕಲಿಲ್ಲ. ಅನ್ನಕ್ಕೂ ಇಲ್ಲ. ಹಪ್ಪಳ, ಉಪ್ಪಿನಕಾಯಿ ಟೇಬಲ್ಲಿಗೆ ಬರಲೇ ಇಲ್ಲ. ಸಾರು ಉಪ್ಪಾದ ದಿನ ಪಕ್ಕಕ್ಕೆ ಮೊಸರು, ಉಪ್ಪಿಲ್ಲದ ಸೌತೆಕಾಯಿ ಹೋಳು ಸಾಕು.

ಎಲ್ಲ ಅಡುಗೆಗೂ ಈ ದಾರಿ ಒಂದೇ, ಸೇರಿಸೋ ಪದಾರ್ಥ ಬೇರೆ. ಹುಳಿಗೆ ಬೆಂದ ತೊಗರಿಬೇಳೆ. ಪಲ್ಯಕ್ಕೆ ಬರೀ ಬೇಯಿಸಿದ ಅದೇ ತರಕಾರಿ, ಮೇಲೆ ಧಾರಾಳ ಕಾಯಿತುರಿ. ಚಿತ್ರಾನ್ನಕ್ಕೆ ಬಿಳಿ ಅನ್ನ. ಉಪ್ಪಿಟ್ಟಿಗೆ ಇನ್ನೊಂದು ಒಲೇಲಿ ಹುರಿದ ರವೆನ ಉಪ್ಪಿಲ್ಲದ ಬಿಸಿನೀರಲ್ಲಿ ಬೇಯಿಸಿ ಕಲೆಸಬೇಕು, ಒಣ ರವೆ ಉದುರಿಸಿದರೆ ಗಂಟಾಗುತ್ತೆ. ಬಸ್ಸಾರು ಮಾತ್ರ ಕಷ್ಟ, ಬೇಯಿಸೋ ನೀರಿಗೆ ಉಪ್ಪು ಹೆಚ್ಚಾದರೆ ಬಸಿದ ಸಾರೂ ಕೆಡುತ್ತೆ, ಸೊಪ್ಪಿನ ಪಲ್ಯನೂ ಕೆಡುತ್ತೆ. ಎರಡನ್ನೂ ಬೇರೆ ಬೇರೆಯಾಗಿ ಸರಿಮಾಡಬೇಕು.

ಕಲ್ಲುಪ್ಪಿನಿಂದ ಪುಡಿ ಉಪ್ಪಿಗೆ ಬದಲಾಯಿಸಿದವರು ಅದೇ ಚಮಚದ ಲೆಕ್ಕ ಇಟ್ಟುಕೊಳ್ಳಬೇಡಿ. ಪುಡಿ ಒತ್ತಾಗಿ ಕೂರುತ್ತೆ, ಚಮಚಕ್ಕೆ ಹೆಚ್ಚು ತೂಕ ಬರುತ್ತೆ. ಸಾರು ಕುದಿದಷ್ಟೂ ನೀರು ಹೋಗಿ ಉಪ್ಪು ಉಳಿಯುತ್ತೆ, ಆದ್ದರಿಂದ ರಾತ್ರಿ ಮತ್ತೆ ಕುದಿಸೋ ಸಾರಿಗೆ ಮಧ್ಯಾಹ್ನ ಒಂಚೂರು ಕಮ್ಮಿನೇ ಇರಲಿ. ಬಾಳೆಲೆ ತುದಿಗೆ ಮೊದಲು ಉಪ್ಪು ಬಡಿಸೋ ನಮ್ಮ ಹಿರಿಯರ ಪದ್ಧತಿ ನನಗೆ ತುಂಬ ಇಷ್ಟ. ಕಮ್ಮಿಯಾದರೆ ಅವರವರೇ ಸೇರಿಸಿಕೊಳ್ಳಬಹುದು. ಹೆಚ್ಚಾದದ್ದನ್ನ ಎಲೆ ಮೇಲೆ ತೆಗೆಯೋಕಾಗಲ್ಲ.

ಅಡುಗೆ ಉಪ್ಪಾಯ್ತು ಅಂತ ತಟ್ಟೆ ತಳ್ಳಿ ಏಳೋರನ್ನ ನಾನು ಚಿಕ್ಕವಳಿದ್ದಾಗ ನೋಡಿದೀನಿ. ಮಾಡಿದವರು ಆಮೇಲೆ ಒಲೆ ಮುಂದೆ ಒಬ್ಬರೇ ಕೂತು ಅದನ್ನೇ ತಿಂತಿದ್ದರು. ಅದು ನನಗೆ ಇವತ್ತಿಗೂ ಸಂಕಟ. ಒಂದು ಮಾತು "ಸ್ವಲ್ಪ ಉಪ್ಪು ಮುಂದಾಯ್ತು, ಏನು ಸೇರಿಸೋಣ?" ಅಂತ ಕೇಳಿ, ಎದ್ದು ಬಂದು ಎರಡು ಬದನೆಕಾಯಿ ಹೆಚ್ಚಿಕೊಡಿ. ಭಾನುವಾರ ನಮ್ಮ ಮನೆಯವರು ಹೆಚ್ಚಿಕೊಟ್ಟರು.

ನಾದಿನಿ ಎರಡನೇ ಮುದ್ದೆ ಹಾಕಿಸಿಕೊಂಡಳು. ಅತ್ತೆ ಮಾತ್ರ ಬೇಳೆ ಆರಿಸಿ ತಿಂದು, ಸಾರು ತಟ್ಟೇಲಿ ಬಿಟ್ಟರು. ಬೇಕಂತಲೇ, ನಾನು ಮೊದಲೇ ಹೇಳಿದ್ದೆ. ಎತ್ತಿಟ್ಟ ಅರ್ಧ ಫ್ರೀಜರಲ್ಲಿತ್ತು, ನಿನ್ನೆ ಹೆಸರುಕಾಳು ಸೀಮೆಬದನೆ ಉಪ್ಪಿಲ್ಲದೆ ಬೇಯಿಸಿ ಅದಕ್ಕೆ ಸೇರಿಸಿದೆ. ಈಗ ನಮ್ಮಲ್ಲಿ ಉಪ್ಪಿನ ಡಬ್ಬಿ ಒಲೆಯ ಎಡಕ್ಕಿರುತ್ತೆ. ಹಾಕಿದವರು ಅದನ್ನ ಬಲಕ್ಕಿಡಬೇಕು.