ಒಮ್ಮೆ ಮಾತ್ರ, ಪದೇ ಪದೇ

ಸರ್ಕಾರಿ ಕಂಪ್ಯೂಟರುಗಳು ಗಡಿ ದಾಟಿ ಪರಸ್ಪರ ಮಾತನಾಡಬೇಕೆಂಬ ಯುರೋಪಿಯನ್ ಒಕ್ಕೂಟದ ಹಳೆಯ ಆಸೆಗೆ ಈಗ ಒಂದು ಕಾಯ್ದೆಯೇ ಹುಟ್ಟಿದೆ. 2024ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ‘ಇಂಟರಾಪರಬಲ್ ಯುರೋಪ್’ (ಪರಸ್ಪರ ಹೊಂದಿಕೊಳ್ಳಬಲ್ಲ ಯುರೋಪ್) ಕಾಯ್ದೆಯ ಪ್ರಕಾರ, ಗಡಿಯಾಚೆಯವರಿಗೂ ಬೇಕಾಗುವ ಡಿಜಿಟಲ್ ಸೇವೆಯೊಂದಕ್ಕೆ ಹೊಸ ಷರತ್ತು ವಿಧಿಸುವ ಮುನ್ನ, ಅದು ಉಳಿದ ದೇಶಗಳ ವ್ಯವಸ್ಥೆಗಳೊಡನೆ ಹೊಂದಿಕೊಂಡೀತೇ ಎಂದು ಮೌಲ್ಯಮಾಪನ ನಡೆಸಿ ವರದಿ ಪ್ರಕಟಿಸಬೇಕು. 2025ರ ಜನವರಿ 12ರಿಂದ ಇದು ಕಡ್ಡಾಯ. ಹೊಂದಿಸಲೇಬೇಕು ಎಂದೇನೂ ಇಲ್ಲ; ಹೊಂದುವುದೋ ಇಲ್ಲವೋ ಎಂಬುದನ್ನು ಬರೆದಿಟ್ಟರೆ ಸಾಕು.

ಹಾಗೆಂದು ಒಕ್ಕೂಟ ಇಷ್ಟು ಕಾಲ ಕೈಕಟ್ಟಿ ಕುಳಿತಿತ್ತೆಂದು ಯಾರೂ ಭಾವಿಸಬಾರದು. 1995ರಲ್ಲಿ ಸರ್ಕಾರಿ ಆಡಳಿತಗಳ ನಡುವೆ ದತ್ತಾಂಶ ವಿನಿಮಯಕ್ಕೆಂದು ‘ಐಡಿಎ’ ಎಂಬ ಕಾರ್ಯಕ್ರಮ ಬಂತು. ಅದಕ್ಕೆ ಎರಡು ಅಕ್ಷರ ಸೇರಿ ‘ಐಡಿಎಬಿಸಿ’ ಆಯಿತು. 2010ರಲ್ಲಿ ಅದೇ ಉದ್ದೇಶಕ್ಕೆ ‘ಐಎಸ್‌ಎ’ ಬಂತು. 2016ರಲ್ಲಿ ಆ ಹೆಸರಿನ ಹೆಗಲ ಮೇಲೆ ಪುಟ್ಟದೊಂದು ಎರಡನ್ನು ಕೂರಿಸಿದರು. ಗಣಿತ ಬಲ್ಲವರು ಅದನ್ನು ‘ಐಎಸ್‌ಎ ವರ್ಗ’ ಎಂದು ಓದಬೇಕು. ಗಣಿತದಲ್ಲಿ ವರ್ಗವೆಂದರೆ ಸಂಖ್ಯೆಯೊಂದು ತನ್ನನ್ನು ತಾನೇ ಗುಣಿಸಿಕೊಳ್ಳುವುದು. ಕಚೇರಿಯಲ್ಲಿ ವರ್ಗವೆಂದರೆ ಕಡತ ಮೇಜಿನ ಮೇಲೆಯೇ ಉಳಿದು, ನೋಡಬೇಕಾದವರು ಬೇರೆ ಊರಿಗೆ ಹೊರಟುಹೋಗುವುದು. ಇಲ್ಲಿ ಎರಡೂ ಅರ್ಥಗಳು ಯಾವ ತಕರಾರೂ ಇಲ್ಲದೆ ಒಂದರೊಡನೊಂದು ಹೊಂದಿಕೊಂಡಿವೆ.

ಇನ್ನು ‘ಒಮ್ಮೆ ಮಾತ್ರ’ ಎಂಬ ತತ್ವ. ನಾಗರಿಕನು ಈಗಾಗಲೇ ಒಂದು ಸರ್ಕಾರಕ್ಕೆ ಕೊಟ್ಟಿರುವ ದಾಖಲೆಯನ್ನು ಇನ್ನೊಂದು ದೇಶದ ಕಚೇರಿ ಅವನಿಂದಲೇ ಮತ್ತೆ ಕೇಳಕೂಡದು, ಕಚೇರಿಗಳೇ ತಮ್ಮೊಳಗೆ ತರಿಸಿಕೊಳ್ಳಬೇಕು ಎಂಬುದು ಅದರ ಸಾರ. 2016ರ ಇ-ಆಡಳಿತ ಕ್ರಿಯಾಯೋಜನೆಯಲ್ಲಿ ಇದನ್ನು ಹೇಳಿದರು. 2017ರ ಅಕ್ಟೋಬರ್‌ನಲ್ಲಿ 32 ದೇಶಗಳು ಎಸ್ಟೋನಿಯಾದ ರಾಜಧಾನಿ ಟ್ಯಾಲಿನ್‌ನ ಘೋಷಣೆಗೆ ಸಹಿ ಹಾಕಿ ಮತ್ತೆ ಹೇಳಿದವು. 2018ರಲ್ಲಿ ನಿಯಮಾವಳಿಯನ್ನೇ ರಚಿಸಿ, 2023ರ ಡಿಸೆಂಬರ್ 12ರ ಗಡುವು ಕೊಟ್ಟು ಇನ್ನೊಮ್ಮೆ ಹೇಳಿದರು. ಗಡುವಿನ ದಿನ ವ್ಯವಸ್ಥೆಯೇನೋ ಚಾಲನೆಗೊಂಡಿತು. ಬಹುಪಾಲು ದೇಶಗಳು ಅದಕ್ಕೆ ಜೋಡಣೆಯಾಗುವುದು ಮಾತ್ರ ಬಾಕಿಯಿತ್ತು. ಒಂದೇ ಸಲ ಕೇಳುತ್ತೇವೆಂಬ ಮಾತನ್ನು ಇಷ್ಟು ಸಲ ಕೊಡಬಲ್ಲವರ ತಾಳ್ಮೆಯನ್ನು ನಾವು ಮೆಚ್ಚಲೇಬೇಕು.

ಕೆಲಸ ಸುಲಭದ್ದಲ್ಲ, ಒಪ್ಪೋಣ. ಪಾಸ್‌ಪೋರ್ಟಿನಲ್ಲಿ ಯಂತ್ರ ಓದುವ ಸಾಲುಗಳಿವೆಯಲ್ಲ, ಅಲ್ಲಿ ಹೆಸರಿಗೆ 39 ಅಕ್ಷರಗಳ ಜಾಗವಿದೆ. ಜರ್ಮನ್ ‘ಯು’ ಅಕ್ಷರದ ನೆತ್ತಿಯ ಮೇಲಿನ ಎರಡು ಚುಕ್ಕೆಗಳಿಗೆ ಅಲ್ಲಿ ಪ್ರವೇಶವಿಲ್ಲ. ಬದಲಿಗೆ ‘ಯುಇ’ ಎಂದಾಗಲಿ ‘ಯುಎಕ್ಸ್‌ಎಕ್ಸ್’ ಎಂದಾಗಲಿ ಬರೆಯಬಹುದೆಂದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮಾನಕವೇ ಅನುಮತಿ ನೀಡಿದೆ. ಹೀಗೆ ಎರಡು ಚುಕ್ಕೆಗಳ ದೆಸೆಯಿಂದ ಹೆಸರಿನಲ್ಲಿ ಆ ಅಕ್ಷರವಿರುವ ಒಬ್ಬ ಮ್ಯೂಲರ್ ಮೂರು ದಾಖಲೆಗಳಲ್ಲಿ ಮೂವರಾಗಬಲ್ಲ. ಮೂವರೂ ಒಂದೇ ದಿನ, ಒಂದೇ ತಾಯಿಗೆ ಹುಟ್ಟಿರುವುದು ಯಂತ್ರಕ್ಕೆ ಸೋಜಿಗವೆನಿಸುವುದಿಲ್ಲ.

ನಗು ನಿಲ್ಲುವುದು ಪಿಂಚಣಿಯ ಬಳಿ. ಸಾಮಾಜಿಕ ಭದ್ರತೆಯ ದಾಖಲೆಗಳನ್ನು ದೇಶದೇಶಗಳ ನಡುವೆ ವಿದ್ಯುನ್ಮಾನ ರೂಪದಲ್ಲಿ ಕಳುಹಿಸಿಕೊಳ್ಳಬೇಕೆಂದು 2009ರಲ್ಲೇ ನಿಯಮವಾಗಿತ್ತು. 2012ರ ಗಡುವು ತಪ್ಪಿತು. 2017ರ ಜುಲೈನಲ್ಲಿ ಹೊಸದಾಗಿ ಎರಡು ವರ್ಷ ಎಣಿಸಲಾರಂಭಿಸಿದರು. 2019 ಕಳೆದ ಮೇಲೂ ಎಲ್ಲ ದೇಶಗಳ ಕೆಲಸ ಮುಗಿದಿರಲಿಲ್ಲ. ಮೂರು ದೇಶಗಳಲ್ಲಿ ಇಟ್ಟಿಗೆ ಹೊತ್ತು, ಮೂರು ಕಡೆಯೂ ವಂತಿಗೆ ಕಟ್ಟಿದ ಕಾರ್ಮಿಕನ ಸೇವಾವಧಿ ಮೂರು ಸಂಖ್ಯೆಗಳನ್ನು ಕೂಡುವ ಲೆಕ್ಕ. ಸಂಬಳದಿಂದ ವಂತಿಗೆ ಮುರಿದುಕೊಳ್ಳುವಾಗ ಯಾವ ವ್ಯವಸ್ಥೆಗೂ ಹೊಂದಾಣಿಕೆಯ ತೊಂದರೆ ಬಂದಿರಲಿಲ್ಲ. ಕೊಡುವ ಹೊತ್ತಿಗೆ ಮಾತ್ರ ಕಂಪ್ಯೂಟರಿಗೆ ಭಾಷೆ ಮರೆತುಹೋಗುತ್ತದೆ, ಅರವತ್ತೈದು ದಾಟಿದ ಮನುಷ್ಯ ಕಾಗದದ ಕಟ್ಟು ಹಿಡಿದುಕೊಂಡು ಸರ್ಕಾರಗಳ ನಡುವಿನ ತಂತಿಯಾಗಿ ಓಡಾಡಬೇಕಾಗುತ್ತದೆ. ಇದಕ್ಕೆ ಯಾವ ತಾಂತ್ರಿಕ ಹೆಸರಿಟ್ಟರೂ ಇದು ನಾಚಿಕೆಗೇಡು.

ಆಗದ ಕೆಲಸವೂ ಅಲ್ಲ. 2019ರ ಜನವರಿಯಿಂದ ಫಿನ್ಲೆಂಡಿನ ವೈದ್ಯರು ಕಂಪ್ಯೂಟರಿನಲ್ಲಿ ಬರೆದ ಔಷಧ ಚೀಟಿಗೆ ಸಮುದ್ರದಾಚೆಯ ಎಸ್ಟೋನಿಯಾದ ಔಷಧಾಲಯಗಳಲ್ಲಿ ಮಾತ್ರೆ ಸಿಗುತ್ತಿದೆ. ಇಂಥ ಉದಾಹರಣೆಗಳನ್ನು ಸಮ್ಮೇಳನಗಳಲ್ಲಿ ತೋರಿಸುತ್ತಾರೆ, ಚಪ್ಪಾಳೆ ಬೀಳುತ್ತದೆ, ಸಭಿಕರು ತಮ್ಮ ತಮ್ಮ ದೇಶಕ್ಕೆ ಮರಳಿ ಮೌಲ್ಯಮಾಪನ ಆರಂಭಿಸುತ್ತಾರೆ.

ಆ ಮೌಲ್ಯಮಾಪನದ ವರದಿಗಳನ್ನು ಯಂತ್ರ ಓದಬಲ್ಲ, ತಾನಾಗಿ ಅನುವಾದಿಸಬಲ್ಲ ರೂಪದಲ್ಲಿಯೇ ಪ್ರಕಟಿಸಬೇಕೆಂದು ಕಾಯ್ದೆ ಎಚ್ಚರ ವಹಿಸಿದೆ. ಒಂದರ ಜನನ ಪ್ರಮಾಣಪತ್ರವನ್ನು ಇನ್ನೊಂದು ಓದಲಾರದ ಕಂಪ್ಯೂಟರುಗಳು, ತಾವು ಅದನ್ನು ಏಕೆ ಓದಲಾರೆವೆಂಬುದನ್ನು ಇನ್ನು ಮೇಲೆ 24 ಅಧಿಕೃತ ಭಾಷೆಗಳಲ್ಲಿ ಓದಿಕೊಳ್ಳಲಿವೆ.