ಅಳಿಯನ ಶೂ ಮತ್ತು ಆರು ಕುಣಿತ

ವಿಯೆನ್ನಾದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅವಳು ನನಗೂ ಹೆಂಡತಿಗೂ ಒಂದು ಪಿಯಾನೋ ಕಚೇರಿಗೆ ಟಿಕೆಟ್ ತೆಗೆಸಿದ್ದಳು. ಒಬ್ಬನೇ ವಾದಕ, ನುಡಿಸುವುದೆಲ್ಲ ಕುಣಿತದ ಸಂಗೀತ. ನನ್ನ ಚಪ್ಪಲಿ ಅಂಥ ಸಭೆಗೆ ಒಪ್ಪುವುದಿಲ್ಲವೆಂದು ಅಳಿಯನ ಕರಿಯ ಶೂ ತೊಡಿಸಿದರು. ನನಗೂ ಅಳಿಯನಿಗೂ ಎಲ್ಲದರಲ್ಲೂ ಹೊಂದಾಣಿಕೆಯಿದೆ, ಪಾದದ ಅಳತೆಯೊಂದನ್ನು ಬಿಟ್ಟು.

ಪಕ್ಕವಾದ್ಯವಿಲ್ಲ, ತಂಬೂರಿಯಿಲ್ಲ, ಮೈಕೂ ಇಲ್ಲ. ಮೊದಲಿಗೆ ಸಂಗೀತ ರಚನಕಾರ ಬಾಖ್‌ನ ಐದನೆಯ ಫ್ರೆಂಚ್ ಸ್ವೀಟ್, ಏಳು ಕುಣಿತಗಳ ಮಾಲೆ. ಅದರಲ್ಲಿ ಮೂರನೆಯದು ಸಾರಾಬಾಂಡ್. 1583ರಲ್ಲಿ ಸ್ಪೇನಿನಲ್ಲಿ ಅಶ್ಲೀಲವೆಂದು ನಿಷೇಧಿಸಿದ್ದ ಕುಣಿತ ಇದೇ ಎಂದು ಓದಿದ್ದೆ. ಕಿವಿ ನೆಟ್ಟಗೆ ಮಾಡಿಕೊಂಡು ಕುಳಿತೆ. ಬಾಖ್‌ನ ಕೈಗೆ ಬರುವಷ್ಟರಲ್ಲಿ ಅದು ನಿವೃತ್ತ ಮೇಷ್ಟರಷ್ಟು ಸಾಧುವಾಗಿಬಿಟ್ಟಿತ್ತು. ಆದರೂ ಸೊಗಸಾಗಿತ್ತು, ಚಪ್ಪಾಳೆ ತಟ್ಟಿದೆ. ಆ ಒಂಟಿ ಚಪ್ಪಾಳೆ ಸಭಾಂಗಣವನ್ನೆಲ್ಲ ಸುತ್ತಿ ನನ್ನ ಬಳಿಗೇ ಮರಳಿತು. ಏಳೂ ಮುಗಿದ ಮೇಲೆಯೇ ತಟ್ಟಬೇಕಂತೆ. ನಮ್ಮಲ್ಲಿ ತನಿ ಆವರ್ತನದ ನಡುವೆ ಒಂದು ‘ಭಲೇ’ ಬೀಳದಿದ್ದರೆ ಮೃದಂಗದವರು ಮುನಿಸಿಕೊಳ್ಳುತ್ತಾರೆ!

ಕುಣಿಯಲೆಂದೇ ಹುಟ್ಟಿದ ಸಂಗೀತವನ್ನು ಜನ ಪಾಸ್‌ಪೋರ್ಟ್ ಫೋಟೋಗೆ ಕುಳಿತವರಂತೆ ಕೇಳುತ್ತಿದ್ದರು. ಶೋಪಾನ್‌ನ ಮಜುರ್ಕಾ ಬಂದಾಗ ನಾನು ತೊಡೆಯ ಮೇಲೆ ತಾಳ ಹಾಕತೊಡಗಿದೆ. ಮೂರೇ ಎಣಿಕೆ, ಸುಲಭ ಎಂದುಕೊಂಡಿದ್ದೆ. ಆದರೆ ಈ ಪೋಲೆಂಡಿನ ಕುಣಿತದಲ್ಲಿ ಒತ್ತು ಎರಡನೆಯದಕ್ಕೋ ಮೂರನೆಯದಕ್ಕೋ ಹಾರುತ್ತದೆ. ನಾಲ್ಕೇ ಸುತ್ತಿನಲ್ಲಿ ನನ್ನ ತಾಳ ದಾರಿ ತಪ್ಪಿತು. ಹೆಂಡತಿ ನನ್ನ ಕೈಯನ್ನು ಹಿಡಿದಿಟ್ಟುಕೊಂಡಳು. ನೋಡಿದವರಿಗೆ ಅದು ಪ್ರೀತಿಯಂತೆ ಕಂಡಿರಬೇಕು.

ಕೈಗೆ ಕಟ್ಟುಬಿದ್ದಾಗ ತಾಳ ಕಾಲಿಗೆ ಇಳಿಯಿತು. ಅಷ್ಟರಲ್ಲಿ ಹೆಬ್ಬೆರಳಿನ ಗೋಳು ತಾಳಲಾರದೆ ಬಲಗಾಲಿನ ಶೂವನ್ನು ಅರ್ಧ ಕಳಚಿದ್ದೆ. ಕೊನೆಗೆ ಬಾರ್ತೋಕ್‌ನ ರೊಮೇನಿಯನ್ ಕುಣಿತಗಳು. ಹಳ್ಳಿಗಾಡಿನ ಮಟ್ಟುಗಳನ್ನು 1915ರಲ್ಲಿ ಪಿಯಾನೋಗೆ ಹೊಂದಿಸಿದ್ದು, ಒಟ್ಟು ಆರು. ಮೂರನೆಯದರ ಹೆಸರೇ ‘ನಿಂತಲ್ಲೇ’. ನನ್ನ ಪಾದ ಹೆಸರಿಗೆ ತಕ್ಕಂತೆ ನಿಂತಲ್ಲೇ ಕುಣಿಯಿತು. ಆದರೆ ಕೊನೆಯೆರಡು ವೇಗದವು, ಮೈಯಲ್ಲಿ ದೇವರು ಬಂದಂತೆ. ಕಾಲು ಒಮ್ಮೆ ಜಾಡಿಸಿತು. ನಯವಾದ ಮರದ ನೆಲದ ಮೇಲೆ ಶೂ ಸರ್ರನೆ ಮುಂದಿನ ಸಾಲಿನ ಕೆಳಗೆ ಹೋಯಿತು.

ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನೂ ಬರೀ ಕಾಲ್ಚೀಲದಲ್ಲಿದ್ದ ಪಾದವನ್ನು ಮರೆಸಿಕೊಂಡು, ಕೊಕ್ಕರೆಯಂತೆ ನಿಂತೆ. ವಾದಕ ಮರಳಿ ಬಂದು ಶೋಪಾನ್‌ನ ‘ಮಿನಿಟ್ ವಾಲ್ಟ್ಸ್’ ಶುರುಮಾಡಿದ. ಒಂದೇ ನಿಮಿಷವಿದೆಯೆಂದು ತರಾತುರಿಯಲ್ಲಿ ಬಗ್ಗಿ, ಕತ್ತಲಲ್ಲಿ ತಡಕಿ, ಯಾರದೋ ಹಿಮ್ಮಡಿ ಹಿಡಿದೆ. ಅದು ಬೆಚ್ಚಗಿತ್ತು. ಆ ಹೆಸರಿಗೂ ಗಡಿಯಾರಕ್ಕೂ ಸಂಬಂಧವಿಲ್ಲ, ನುಡಿಸಲು ಸುಮಾರು ಎರಡು ನಿಮಿಷ ಹಿಡಿಯುತ್ತದೆ ಎಂದು ಆಮೇಲೆ ಮಗಳು ಹೇಳಿದಳು. ಮೊದಲೇ ತಿಳಿದಿದ್ದರೆ ನಿಧಾನವಾಗಿ ಹುಡುಕುತ್ತಿದ್ದೆ.

ದೀಪ ಹತ್ತಿದಾಗ ಹಿಮ್ಮಡಿಯ ಒಡತಿ, ಎಂಬತ್ತು ದಾಟಿದ ಅಜ್ಜಿ, ಹಿಂತಿರುಗಿದರು. ಭರತ ಪಾದುಕೆ ಹೊತ್ತಂತೆ ಎರಡೂ ಕೈಯಲ್ಲಿ ಶೂ ಹಿಡಿದು ನನಗೊಪ್ಪಿಸಿ, ಜರ್ಮನ್ ಭಾಷೆಯಲ್ಲಿ ಏನೋ ಹೇಳಿ ನಕ್ಕರು. ನಾನು ಕೈಮುಗಿದೆ.

ಮನೆಯ ಬಾಗಿಲು ತೆರೆದ ಅಳಿಯ, “ಹೇಗಿತ್ತು ಮಾವ?” ಎಂದ.

“ಚೆನ್ನಾಗಿತ್ತಪ್ಪ, ಸ್ವಲ್ಪ ಬಿಗಿ” ಎಂದೆ.