ಹಿಡಿಸೂಡಿ ಕಡ್ಡಿಯ ಪರ್ಗೋಲಾ

ನಮ್ಮ ಮನೆಯ ಹಿಂದೆ ಹತ್ತಡಿ ಅಗಲ, ಹನ್ನೆರಡಡಿ ಉದ್ದದ ಒಂದು ಜಾಗವಿದೆ. ಒಂದು ಕರಿಬೇವಿನ ಗಿಡ, ಎರಡು ದಾಸವಾಳ, ಒಂದು ಬಟ್ಟೆ ಒಗೆಯುವ ಕಲ್ಲು. ಬೆಂಗಳೂರಿನಲ್ಲಿ ಇದಕ್ಕೆ ಗಾರ್ಡನ್ ಅನ್ನುತ್ತಾರೆ. ಉಡುಪಿ ಕಡೆಯ ನಮ್ಮೂರಲ್ಲಾದರೆ ಇದು ಹಿತ್ತಿಲು ಅನ್ನಿಸಿಕೊಳ್ಳುವುದಕ್ಕೂ ಸಾಲದು.

ಗೆಳೆಯನೊಬ್ಬನ ಮನೆಯಲ್ಲಿ ಪರ್ಗೋಲಾ ನೋಡಿ ಬಂದ ದಿನ ಈ ಜಾಗದ ಮೇಲೆ ನನಗೆ ಇದ್ದಕ್ಕಿದ್ದಂತೆ ಕನಿಕರ ಹುಟ್ಟಿತು. ನಾಲ್ಕು ಕಂಬ, ಮೇಲೆ ಸಾಲಾಗಿ ಹಲಗೆ, ಕೆಳಗೆ ಎರಡು ಬೆತ್ತದ ಕುರ್ಚಿ, ಕುರ್ಚಿಯಲ್ಲಿ ಕಾಫಿ ಹಿಡಿದ ನಾನು. ಹೆಂಡತಿಗೆ ಹೇಳಿದೆ. ಅವಳದು ಧಾರವಾಡ.

“ಅಂದ್ರ ಹಂದರ ಏನ್ರೀ?”

“ಹಂದರ ಅಲ್ಲ, ಪರ್ಗೋಲಾ.”

“ಎರಡಕ್ಕೂ ಏನು ಫರಕ?”

ತಕ್ಷಣಕ್ಕೆ ಹೊಳೆದದ್ದು ರೇಟು ಎಂಬ ಒಂದೇ ಉತ್ತರ. ಅದನ್ನು ಹೇಳಿದರೆ ಕೆಲಸ ಕೆಡುತ್ತದೆಂದು ಸುಮ್ಮನಾದೆ.

ಹಾಗೆ ನೋಡಿದರೆ ಈ ವಸ್ತುವಿಗೆ ನಮ್ಮಲ್ಲಿ ಹೆಸರಿನ ಬರವಿಲ್ಲ. ಅವಳ ಕಡೆ ಹಂದರ, ನಮ್ಮ ಕಡೆ ಚಪ್ಪರ, ತುಳುವಿನಲ್ಲಿ ದೊಂಪ. ಮದುವೆಗೂ ಅದೇ, ತೊಂಡೆಕಾಯಿಗೂ ಅದೇ. ಪರ್ಗೋಲಾ ಇಟಲಿಯವರ ಮಾತು. ಅದರ ಮೂಲ ಲ್ಯಾಟಿನ್ನಿನ ‘ಪರ್ಗುಲಾ’, ಅಂದರೆ ಗೋಡೆಯಿಂದ ಮುಂದಕ್ಕೆ ಚಾಚಿಕೊಂಡ ಭಾಗ. ಸರಳವಾಗಿ ಹೇಳುವುದಾದರೆ ಇಳಿಮಾಡು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರಲ್ಲ, ಇದು ಅರ್ಧ ಮನೆ, ಅರ್ಧ ಮದುವೆಯ ಚಪ್ಪರ. ಎರಡರ ತಾಪತ್ರಯವನ್ನೂ ನೂರಿಪ್ಪತ್ತು ಚದರಡಿಯೊಳಗೆ ಅನುಭವಿಸಬಹುದು.

ಮೊದಲನೆಯ ತಾಪತ್ರಯ ಫ್ಯಾಬ್ರಿಕೇಟರ್. ಬೈಕಿನಲ್ಲಿ ಬಂದರು, ಟೇಪು ಹಿಡಿದರು, ಮೊಬೈಲಿನಲ್ಲಿ ನಲವತ್ತು ಫೋಟೊ ತೋರಿಸಿದರು. ಎಲ್ಲ ಫೋಟೊದಲ್ಲೂ ಅದೇ ಹಸಿರು ಹುಲ್ಲು, ಅದೇ ಬೆತ್ತದ ಕುರ್ಚಿ. ಯಾವುದರಲ್ಲೂ ಬಟ್ಟೆ ಒಗೆಯುವ ಕಲ್ಲಿರಲಿಲ್ಲ.

“ತೇಗದಲ್ಲಿ ಮಾಡಿಸಿದರೆ?” ಅಂದೆ. ಅವರು ನನ್ನ ಚಪ್ಪಲಿ ನೋಡಿ, “ಬೇಡ ಸಾರ್” ಅಂದರು. ಮರ ಯಾವುದಾದರೂ ಮಣ್ಣು ಮುಟ್ಟಬಾರದಂತೆ. ಕಾಂಕ್ರೀಟಿನ ಮೇಲೆ ಕಬ್ಬಿಣದ ಪ್ಲೇಟು ಕೂರಿಸಿ ಅದಕ್ಕೆ ಕಂಬ ಬೋಲ್ಟು ಮಾಡಬೇಕು. ಇಲ್ಲದಿದ್ದರೆ ಗೆದ್ದಲಿಗೆ ಗೃಹಪ್ರವೇಶ. ಬಿದಿರು ಚೆಂದ, ಆದರೆ ಬೊರಾಕ್ಸು, ಬೋರಿಕ್ ಆಸಿಡ್ಡಿನ ನೀರಲ್ಲಿ ನೆನೆಸದ ಬಿದಿರು ನಮಗಿಂತ ಮೊದಲು ಹುಳಕ್ಕೆ ಊಟವಾಗುತ್ತದೆ. ಡಬ್ಲ್ಯುಪಿಸಿ ಅಂದರೆ ಮರದ ಪುಡಿಯನ್ನೂ ಪ್ಲಾಸ್ಟಿಕ್ಕನ್ನೂ ಬೆರೆಸಿ ಮಾಡಿದ್ದು. ಹುಳ ತಿನ್ನುವುದಿಲ್ಲ, ಆದರೆ ಆಧಾರ ದೂರ ದೂರವಿದ್ದರೆ ಬಿಸಿಲಿಗೆ ಹೊಟ್ಟೆ ಬಿಡುತ್ತದೆ. ಮೇಲೆ ಪಾಲಿಕಾರ್ಬೊನೇಟ್ ಶೀಟು ಹಾಕಿಸಿ, ಮಳೆಯೂ ಬರುವುದಿಲ್ಲ ಅಂತ ಒಂದು ಸಲಹೆ ಬಂತು. ಅದಕ್ಕೆ ನಾನು ಒಪ್ಪಲಿಲ್ಲ. ಶೀಟು ಹಾಕಿದ ಮೇಲೆ ಅದು ಪರ್ಗೋಲಾ ಅಲ್ಲ, ಸ್ಕೂಟರ್ ಶೆಡ್ಡು.

ನನಗೆ ನಿಜವಾಗಿ ಆಸೆಯಿದ್ದದ್ದು ಕಲ್ಲು ಕೂಚದ ಮೇಲೆ. ಚಿಕ್ಕಬಳ್ಳಾಪುರದ ಕಡೆ ಹೋಗುವಾಗ ದ್ರಾಕ್ಷಿ ತೋಟಗಳನ್ನು ನೋಡಿದವರಿಗೆ ಗೊತ್ತು. ಸೀಳಿದ ಕಲ್ಲಿನ ಕಂಬಗಳ ಸಾಲು, ಮೇಲೆ ಬಿಗಿದ ತಂತಿ, ತಂತಿಯ ಮೇಲೆ ಎಲೆಯ ಚಾವಣಿ, ಕೆಳಗೆ ಜೋತುಬಿದ್ದ ಬೆಂಗಳೂರು ಬ್ಲೂ. ಇಂಥ ಊರಿನದೇ ಬೆಳೆ ಎಂದು ಗುರುತಿಸುವ ಜಿಐ ಟ್ಯಾಗು ಪಡೆದ ನಮ್ಮದೇ ದ್ರಾಕ್ಷಿ ಅದು. ಅಲ್ಲಿ ಯಾರೂ ಪರ್ಗೋಲಾ ಅನ್ನುವುದಿಲ್ಲ, ಚಪ್ಪರ ಅಂತಲೇ ಅನ್ನುತ್ತಾರೆ. ತುಕ್ಕಿಲ್ಲ, ಗೆದ್ದಲಿಲ್ಲ, ಪೇಂಟಿಲ್ಲ. ಹೇಳಿದೆ. ಫ್ಯಾಬ್ರಿಕೇಟರ್ ಜಾಗವನ್ನೊಮ್ಮೆ ನೋಡಿ, ದನಿ ತಗ್ಗಿಸಿ, “ಇಷ್ಟು ಚಿಕ್ಕ ಜಾಗದಲ್ಲಿ ಕಲ್ಲು ನಿಲ್ಲಿಸಿದರೆ ಸಮಾಧಿ ಥರ ಕಾಣುತ್ತೆ ಸಾರ್” ಅಂದರು. ಆ ಮಾತು ಕೇಳಿದ ಮೇಲೆ ಯಾರಿಗೆ ಧೈರ್ಯ ಬರುತ್ತದೆ?

ಕೊನೆಗೆ ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ ಚೌಕ ಪೈಪು ಅಂತಾಯಿತು. ಮೇಲಿನ ಪಟ್ಟಿಗಳು ಎರಡಿಂಚು ದಪ್ಪ, ಆರಿಂಚು ಆಳ, ನಡುವೆ ಹತ್ತಿಂಚು ಸಂದು. ಕೊಟೇಶನ್ನಿನ ಜೊತೆಗೆ ಒಂದು ಚಿತ್ರವೂ ಬಂತು. ಅದನ್ನು ನೋಡಿ ಹೆಂಡತಿ ಕೇಳಿದ ಪ್ರಶ್ನೆಗೆ ಫ್ಯಾಬ್ರಿಕೇಟರ್ ಬಳಿ ಉತ್ತರವಿರಲಿಲ್ಲ, ನನ್ನ ಬಳಿಯೂ ಇರಲಿಲ್ಲ.

“ನೆಳ್ಳು ಎಲ್ಲೈತ್ರೀ ಇದರಾಗ?”

ಏಪ್ರಿಲ್ ಕೊನೆಯ ವಾರ. ಬೆಂಗಳೂರಿಗೆ ವರ್ಷದಲ್ಲಿ ಎರಡು ಸಲ ಶೂನ್ಯ ನೆರಳಿನ ದಿನ ಬರುತ್ತದೆ. ಏಪ್ರಿಲ್ 24ರ ಆಸುಪಾಸು ಒಂದು, ಆಗಸ್ಟ್ 18ರ ಆಸುಪಾಸು ಇನ್ನೊಂದು. ಆ ದಿನ ನಡುಹಗಲಿಗೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ. ಏಪ್ರಿಲ್‌ನಲ್ಲಿ ನಮ್ಮ ಗಡಿಯಾರಕ್ಕೆ ಅದು ಹನ್ನೆರಡು ಗಂಟೆಯಲ್ಲ, ಹನ್ನೆರಡೂ ಹದಿನೇಳು. ದೇಶಕ್ಕೆಲ್ಲ ಒಂದೇ ಗಡಿಯಾರವಾದ್ದರಿಂದ ನಮ್ಮ ಸೂರ್ಯ ಸ್ವಲ್ಪ ಲೇಟು. ಅವತ್ತು ರಜಾ ಹಾಕಿ ನಾನೊಂದು ಪ್ರಯೋಗಕ್ಕಿಳಿದೆ.

ಹಿಡಿಸೂಡಿಯಿಂದ ಹನ್ನೆರಡು ಕಡ್ಡಿ ಎಳೆದೆ. ಊರಿಂದ ಬಂದ ತೆಂಗಿನ ಕಡ್ಡಿಯ ಪೊರಕೆ ಅದು. ಒಗೆಯುವ ಕಲ್ಲಿನ ಮೇಲೆ ಎರಡು ಇಟ್ಟಿಗೆ ನಿಲ್ಲಿಸಿ, ಕಡ್ಡಿಗಳನ್ನು ಅಡ್ಡಲಾಗಿ ಸಾಲಾಗಿಟ್ಟು, ಕೆಳಗೊಂದು ಸ್ಟೀಲಿನ ತಟ್ಟೆ ಸರಿಸಿದೆ. ತಟ್ಟೆಯೇ ನಾನು ಅಂತಿಟ್ಟುಕೊಳ್ಳಿ. ಹನ್ನೆರಡೂ ಹದಿನೇಳಕ್ಕೆ ಪ್ರತಿ ಕಡ್ಡಿಯ ನೆರಳೂ ತನ್ನ ಕಡ್ಡಿಯ ಕೆಳಗೇ ಸಣ್ಣ ಗೆರೆಯಾಗಿ ಬಿದ್ದಿತ್ತು. ಉಳಿದ ತಟ್ಟೆಯೆಲ್ಲ ಕಣ್ಣು ಕುಕ್ಕುವ ಬಿಸಿಲು. ಲೆಕ್ಕ ಸುಲಭ: ಎರಡಿಂಚು ಪಟ್ಟಿ, ಹತ್ತಿಂಚು ಸಂದು ಅಂದರೆ ಆರರಲ್ಲಿ ಒಂದು ಪಾಲು ನೆರಳು, ಐದು ಪಾಲು ಬಿಸಿಲು. ಆ ಪರ್ಗೋಲಾದ ಕೆಳಗೆ ಕಾಫಿ ಹಿಡಿದು ಕೂತರೆ ನಾನು ಮೈಮೇಲೆ ಪಟ್ಟೆಯೆಳೆದ ಹಪ್ಪಳವಾಗುತ್ತಿದ್ದೆ.

ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. “ಕಡ್ಡಿಗೆ ಆಳ ಇಲ್ಲಲ್ರೀ, ಪಟ್ಟಿಗೈತಿ” ಅಂದು ಒಳಗೆ ಹೋಗಿ, ಯಾರದೋ ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದವನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ತಂದಳು. ಅವನ್ನು ಅಂಚಿನ ಮೇಲೆ ನಿಲ್ಲಿಸಿ, ಉತ್ತರ ದಕ್ಷಿಣಕ್ಕೆ ಸಾಲು ಮಾಡಿ, ಹಿಟ್ಟಿನ ಅಂಟು ಹಾಕಿದೆವು. ಮಧ್ಯಾಹ್ನ ಏನೂ ಬದಲಾಗಲಿಲ್ಲ. ಐದು ಗಂಟೆಗೆ ಹೋಗಿ ನೋಡಿದರೆ, ಸೂರ್ಯ ಪಡುವಣಕ್ಕೆ ಇಳಿದಿದ್ದ, ಪಟ್ಟಿಗಳ ನೆರಳು ಒಂದಕ್ಕೊಂದು ಹತ್ತಿಕೊಂಡು ತಟ್ಟೆ ಬಹುಪಾಲು ತಂಪಾಗಿತ್ತು. ಅಂದರೆ ಬರೀ ಪಟ್ಟಿಯ ಪರ್ಗೋಲಾ ನೆರಳು ಕೊಡುವುದು ಬಿಸಿಲು ತಾನಾಗಿಯೇ ತಗ್ಗಿದ ಮೇಲೆ. ಕಷ್ಟದಲ್ಲಿ ಮುಖ ತೋರಿಸದೆ ಕಾಫಿ ಹೊತ್ತಿಗೆ ಸರಿಯಾಗಿ ಬಂದು ಕೂರುವ ನೆಂಟರ ಹಾಗೆ.

ಯೂಟ್ಯೂಬಿನಲ್ಲಿ ಪರದೇಶದವರು ಪಟ್ಟಿಗಳನ್ನು ಪೂರ್ವ ಪಶ್ಚಿಮಕ್ಕೆ ಇಡಿ ಅನ್ನುತ್ತಾರೆ. ಅವರ ಮಟ್ಟಿಗೆ ಅದು ಸರಿ. ಅವರ ಸೂರ್ಯ ನಡುಹಗಲಿನಲ್ಲೂ ದಕ್ಷಿಣದಿಂದ ಓರೆಯಾಗಿ ಬರುತ್ತಾನೆ. ನಮ್ಮವನು ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನೆತ್ತಿ ದಾಟಿ ಉತ್ತರಕ್ಕೇ ಸರಿದಿರುತ್ತಾನೆ. ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುವ ಊರು ನಮ್ಮದು. ಅವರ ಅಳತೆಯ ಅಂಗಿ ನಮಗೆ ಹೇಗೆ ಕೂತೀತು?

ಅವರಿಗಾದರೂ ಪಟ್ಟಿಯಷ್ಟೇ ಸಾಕಾಗಿತ್ತೇ ಅಂದರೆ, ಇಲ್ಲ. ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಸುಮಾರು ಎಂಟುನೂರು ಅಡಿ ಉದ್ದದ ಒಂದು ಪರ್ಗೋಲಾ ಇದೆ. 1905ರಲ್ಲಿ ಕೆಲಸ ಶುರುವಾದದ್ದು. ಸುರಂಗ ರೈಲಿಗಾಗಿ ಅಗೆದ ಮಣ್ಣನ್ನು ತಂದು ಸುರಿದು, ನೆಲ ಎತ್ತರಿಸಿ, ಅದರ ಮೇಲೆ ಕಟ್ಟಿಸಿದರು. ಕಂಬಗಳ ಮೇಲೆ ಹತ್ತಿದ್ದು ವಿಸ್ಟೀರಿಯಾದಂಥ ಬಳ್ಳಿಗಳು. ಕಟ್ಟಿಸಿದವರು ವಿಲಿಯಂ ಲೀವರ್, ನಮ್ಮ ಅಜ್ಜಿಯರು ಬಟ್ಟೆಗೆ ತಿಕ್ಕುತ್ತಿದ್ದ ಸನ್‌ಲೈಟ್ ಸೋಪಿನ ಯಜಮಾನ. ಬಿಸಿಲಿನ ಹೆಸರಲ್ಲಿ ಸೋಪು ಮಾರಿ, ಆ ದುಡ್ಡಲ್ಲಿ ನೆರಳು ಕಟ್ಟಿಸಿದ ಪುಣ್ಯಾತ್ಮ. ನನ್ನ ಒಗೆಯುವ ಕಲ್ಲಿಗೂ ಪರ್ಗೋಲಾಕ್ಕೂ ಹಳೆಯ ನಂಟಿದೆ ಎಂದು ಗೊತ್ತಾಗಿ ಸ್ವಲ್ಪ ಸಮಾಧಾನವಾಯಿತು.

ಹೀಗೆ ಪ್ರಶ್ನೆ ಪೈಪಿನಿಂದ ಬಳ್ಳಿಗೆ ಬಂತು. ಬರಬೇಕಾದದ್ದು ಮೊದಲೇ. ಬಳ್ಳಿ ಯಾವುದೆಂದು ಗೊತ್ತಿಲ್ಲದೆ ಪರ್ಗೋಲಾ ಆರಿಸುವುದು, ಕಾಲು ಯಾರದೆಂದು ಗೊತ್ತಿಲ್ಲದೆ ಚಪ್ಪಲಿ ಕೊಂಡ ಹಾಗೆ.

ಕಾಗದದ ಹೂವಿನ ಬಳ್ಳಿ ಬಣ್ಣಕ್ಕೆ ಹೇಳಿಮಾಡಿಸಿದ್ದು. ಆದರೆ ಅದು ಬಳ್ಳಿಯಲ್ಲ, ಮುಳ್ಳಿನ ಮೂಟೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಒದ್ದೆಯಾಗಿ, ಗಾಳಿಗೆ ಹಡಗಿನ ಹಾಯಿಯಂತೆ ಉಬ್ಬಿ, ಸಣ್ಣ ಪೈಪಿನ ಚಪ್ಪರವನ್ನು ಪಕ್ಕದ ಮನೆಗೆ ಬಾಗಿಸಿಬಿಡುತ್ತದೆ. ರಂಗೂನ್ ಬಳ್ಳಿ ಸುಲಭ, ಸಂಜೆ ಬಿಳಿ ಅರಳಿ ಮರುದಿನಗಳಲ್ಲಿ ಗುಲಾಬಿ, ಆಮೇಲೆ ಕೆಂಪು. ಆದರೆ ಕತ್ತರಿ ಹಿಡಿದು ಅದರ ಹಿಂದೆಯೇ ಓಡಾಡುತ್ತಿರಬೇಕು. ನನ್ನ ಮನಸ್ಸು ಕೂತದ್ದು ಥನ್‌ಬರ್ಜಿಯಾ ಮೈಸೂರೆನ್ಸಿಸ್ ಮೇಲೆ. ಹೆಸರಲ್ಲೇ ಮೈಸೂರು, ಹುಟ್ಟಿದ್ದು ಪಶ್ಚಿಮ ಘಟ್ಟದಲ್ಲಿ. ಹಳದಿಗೆ ಕೆಂಗಂದು ಅಂಚಿನ ಹೂಗಳು ಹಾರದ ಹಾಗೆ ಉದ್ದಕ್ಕೆ ಇಳಿಬೀಳುತ್ತವೆ, ಸೂರಕ್ಕಿಗಳು ಅದಕ್ಕೇ ಮುತ್ತುತ್ತವೆ. ಪರದೇಶದವರು ಗಾಜಿನ ಮನೆಯೊಳಗೆ ಬೆಚ್ಚಗಿಟ್ಟು ಸಾಕುವ ಬಳ್ಳಿ ನಮ್ಮಲ್ಲಿ ಬಯಲಲ್ಲೇ ಬೆಳೆಯುತ್ತದೆ. ಹೂವಿನ ಹಾರ ತಲೆಗೆ ತಾಗಬಾರದೆಂದರೆ ಚಪ್ಪರ ಎತ್ತರವಿರಬೇಕು. ಎಂಟಡಿ ಬರೆಸಿದ್ದು ಆ ಕಾರಣಕ್ಕೆ. ಹೆಂಡತಿ ಇನ್ನೊಂದು ಮೂಲೆಗೆ ಜಾಜಿ ಬೇಕೆಂದಳು. ಆಗಲಿ ಅಂದೆ.

ಕೆಲಸ ಮೂರು ದಿನದ್ದು. ಎರಡಡಿ ಗುಂಡಿ ತೋಡಿ ಕಾಂಕ್ರೀಟು ಹಾಕಿದರು. ನೀರು ತುಂಬಿದ ಪಾರದರ್ಶಕ ಪೈಪಿನ ಎರಡು ತುದಿ ಹಿಡಿದು ಇಬ್ಬರು ಹುಡುಗರು ಎದುರುಬದುರು ಕಂಬದ ಬಳಿ ನಿಂತರು. ನೀರು ತೂಗಾಡಿ ತೂಗಾಡಿ ನಿಂತ ಕಡೆ ಸೀಮೆಸುಣ್ಣದ ಗೆರೆ. ಸಾವಿರಾರು ರೂಪಾಯಿಯ ವ್ಯವಹಾರದಲ್ಲಿ ನನಗೆ ನಂಬಿಕೆ ಬಂದದ್ದು ಆ ನೀರಿನ ಮೇಲೆ ಮಾತ್ರ.

ಜೂನ್‌ನಲ್ಲಿ ಅಮ್ಮ ಊರಿಂದ ಬಂದಳು. ಹಿಂದಿನ ಬಾಗಿಲು ತೆಗೆದು, ತಲೆಯೆತ್ತಿ ನೋಡಿ, “ಇದೆಂತ, ಮಾಡು ಹಾಕ್ಲಿಕ್ಕೆ ದುಡ್ಡು ಸಾಕಾಗ್ಲಿಲ್ವಾ?” ಅಂದಳು.

ಥನ್‌ಬರ್ಜಿಯಾ ಅಷ್ಟರಲ್ಲಿ ಮೊಣಕಾಲೆತ್ತರ ಬಂದು, ಮುಂದೇನು ಎಂದು ಯೋಚಿಸುತ್ತ ನಿಂತಿತ್ತು. ಜಾಜಿಗೆ ಎರಡೇ ಕವಲು. ಅಮ್ಮ ಏನೂ ಹೇಳಲಿಲ್ಲ. ಬ್ಯಾಗಿನಿಂದ ಒದ್ದೆ ಗೋಣಿಚೂರಿನಲ್ಲಿ ಸುತ್ತಿದ ಬಸಳೆಯ ನಾಲ್ಕು ದಂಟು ತೆಗೆದು, ಒಗೆಯುವ ಕಲ್ಲಿನ ನೀರು ಹರಿಯುವ ಕಡೆಯ ಕಂಬದ ಬುಡಕ್ಕೆ ಊರಿದಳು. ನಮ್ಮೂರಲ್ಲಿ ಬಸಳೆ ಚಪ್ಪರ ಇರುವುದೇ ಬಚ್ಚಲ ನೀರಿನ ದಾರಿಯಲ್ಲಿ. ಅಡಿಕೆ ಮರದ ಸಲಾಕೆ, ಸಿಕ್ಕಿದ ನಾಲ್ಕು ಗೂಟ, ಕಟ್ಟುವುದಕ್ಕೆ ಕತ್ತದ ಹಗ್ಗ. ಎರಡು ಮಳೆಗಾಲ ಬಾಳಿಕೆ ಬಂದರೆ ಹೆಚ್ಚು. ಅದನ್ನು ಯಾರೂ ಆರಿಸುವುದಿಲ್ಲ, ಕೊಟೇಶನ್ ಕೇಳುವುದಿಲ್ಲ. ಕುಸಿದರೆ ಭಾನುವಾರ ಇನ್ನೊಂದು ಕಟ್ಟುತ್ತಾರೆ. ಕೆಲವು ಸಲ ಗೂಟವೇ ಚಿಗುರಿ, ಚಪ್ಪರ ಯಾವುದು, ಗಿಡ ಯಾವುದು ತಿಳಿಯುವುದಿಲ್ಲ.

ಆಗಸ್ಟಿನ ಹೊತ್ತಿಗೆ ಬಸಳೆ ಪರ್ಗೋಲಾವನ್ನು ಪೂರ್ತಿ ವಶಪಡಿಸಿಕೊಂಡಿತ್ತು. ಎರಡನೆಯ ಶೂನ್ಯ ನೆರಳಿನ ದಿನ ತಟ್ಟೆಯ ಬದಲು ನಾನೇ ಹೋಗಿ ಕೂತೆ. ನೆರಳು ಗಟ್ಟಿಯಾಗಿತ್ತು. ಜೊತೆಗೆ ಕೊರಳೊಳಗೆ ಒಂದು ಕಟ್ಟಿರುವೆಯೂ ಇಳಿಯಿತು, ಆ ಮಾತು ಬೇರೆ.

ಆದರೆ ಅಮ್ಮನಿಗೆ ಸಿಟ್ಟು. ಊರಿನ ಚಪ್ಪರ ಎದೆಯೆತ್ತರದ್ದು. ಸಾರಿಗೆ ಒಗ್ಗರಣೆ ಹಾಕಿಟ್ಟು ಹೋಗಿ ಎರಡು ದಂಟು ಮುರಿದು ತರಬಹುದು. ದ್ರಾಕ್ಷಿ ಚಪ್ಪರವೂ ಅಷ್ಟೇ, ಆಳು ನಿಂತಲ್ಲಿಂದ ಗೊಂಚಲು ಕೈಗೆ ಸಿಗುವ ಎತ್ತರ. ನಮ್ಮದು ತಲೆಯ ಮೇಲೆ ಜಾಗ ಬಿಟ್ಟು ಅಳೆದದ್ದು. ಕೈಯನ್ನು ಯಾರೂ ಅಳೆದಿರಲಿಲ್ಲ. “ಏಣಿ ಇಟ್ಟು ಬಸಳೆ ಕೊಯ್ಯುವ ಮನೆ ನಾನು ಎಲ್ಲಿಯೂ ಕಂಡಿಲ್ಲ” ಅಂತ ಅಮ್ಮ ಊರಿಗೆ ಫೋನು ಮಾಡಿದಾಗಲೆಲ್ಲ ಹೇಳುತ್ತಿದ್ದಳು. ಬೆತ್ತದ ಕುರ್ಚಿ ತರಲೆಂದು ಹೋದ ನಾನು ಆರು ಮೆಟ್ಟಿಲಿನ ಅಲ್ಯುಮಿನಿಯಂ ಏಣಿ ತಂದೆ.

ಮೊನ್ನೆ ಫ್ಯಾಬ್ರಿಕೇಟರ್ ಬಂದಿದ್ದರು. ಹೊಸ ಗಿರಾಕಿಗಳಿಗೆ ತೋರಿಸಲು ಫೋಟೊ ಬೇಕಿತ್ತಂತೆ. ಹಿಂದಿನ ಬಾಗಿಲಲ್ಲಿ ಮೊಬೈಲು ಹಿಡಿದು ಆ ಕಡೆ ಈ ಕಡೆ ಸರಿದರು, ಕೂತು ನೋಡಿದರು. ಏಣಿ, ಒಗೆಯುವ ಕಲ್ಲು, ಬಸಳೆ, ಬಸಳೆಯ ನಡುವೆ ಎಲ್ಲೋ ಒಂದು ಪೈಪಿನ ಮೂಲೆ.

“ಸಾರ್, ಒಂದೈದು ನಿಮಿಷ ಈ ಸೊಪ್ಪನ್ನ ಸ್ವಲ್ಪ ಕೆಳಗಿಳಿಸೋಕ್ಕಾಗುತ್ತಾ?”

ನಾನು ಉತ್ತರಿಸುವ ಮೊದಲೇ ಅಮ್ಮ ಚೂರಿ ತಂದಳು. “ಹೇಗೂ ಬಂದಿದ್ದೀರಿ, ಎತ್ತರ ಬೇರೆ ಇದ್ದೀರಿ. ಏಣಿ ಹತ್ತಿ, ಆ ಪಡುವಣ ಬದಿಯ ದಂಟು ಬೆಳೆದು ಗಟ್ಟಿಯಾಗಿದೆ, ಅದನ್ನೇ ಮೊದಲು ಕೊಯ್ಯಿ.”

ಅವರು ಮೊಬೈಲನ್ನು ಜೇಬಿಗಿಟ್ಟು ಏಣಿ ಹತ್ತಿದರು.